ಪ್ರಾರ್ಥನೆಯ ಬಾಕಿ

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಕೊನೆಗೆ ಬರೆಯಲು ಕೂತೆ. ಯಾಕೆಂದರೆ ಬೀದರ್‌ನಲ್ಲಿ ನಾನು ಆಪ್ತಸಲಹೆ ಕೊಡಲು ಶುರು ಮಾಡಿದಾಗಿನಿಂದ ಇದೇ ನೋವು ಹೊತ್ತುಕೊಂಡು ಬಂದವರಲ್ಲಿ ಈ ತಂಗಿ ಏಳನೆಯವಳೋ ಎಂಟನೆಯವಳೋ. ಒಬ್ಬ ಕಾಲೇಜು ಹುಡುಗ ಬಂದಿದ್ದ. ನಿವೃತ್ತರಾದ ಮೇಷ್ಟ್ರೊಬ್ಬರು ಬಂದಿದ್ದರು. ಒಬ್ಬ ಪಾಸ್ಟರ್ ಕೂಡ ಬಂದಿದ್ದರು, ಕತ್ತಲಾದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ. ಎಲ್ಲರೂ ಯೇಸುಸ್ವಾಮಿಯನ್ನು ಮನಸಾರೆ ನಂಬಿದವರು. ಎಲ್ಲರೂ ಆ ನಂಬಿಕೆಯನ್ನು ಉಳಿಸಿಕೊಳ್ಳುವ ದುಡಿಮೆಯಲ್ಲಿ ಸುಸ್ತಾಗಿ ಹೋದವರು.

ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು "ಹಾಕ್ರಿ ಅಕ್ಕಾ" ಅಂದ ಮೇಲೆಯೇ ಹೊರಗೆ ಬಿಡುತ್ತಿದ್ದೇನೆ.

ಅವಳಿಗೆ 36 ವರ್ಷ. ಬೀದರ್ ಜಿಲ್ಲೆಯ ಒಂದು ಹಳ್ಳಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಗಂಡ ಹೈದರಾಬಾದ್‌ನಲ್ಲಿ ಗೌಂಡಿ, ತಿಂಗಳಿಗೋ ಎರಡು ತಿಂಗಳಿಗೋ ಬಂದು ಹೋಗುತ್ತಾನೆ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ. ಅಜ್ಜನ ಕಾಲದಿಂದ ಕ್ರೈಸ್ತರು. ನಮ್ಮ ಕಡೆಯ ಬಹಳ ಮಂದಿಯ ಹಾಗೆ ಮೆಥೊಡಿಸ್ಟ್ ಸಭೆಯವರು. ಅವಳನ್ನು ನನ್ನ ಹತ್ತಿರ ಕಳಿಸಿದ್ದು ಆರೋಗ್ಯ ಕೇಂದ್ರದ ಡಾಕ್ಟರು. ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ, ರಕ್ತದ ಗುಳಿಗೆ ಕೊಟ್ಟರೆ ಉಪವಾಸದ ದಿನ ನುಂಗುವುದಿಲ್ಲ ಅಂತಾಳೆ, ನೀವೊಂದು ಸಲ ಮಾತಾಡಿ ನೋಡಿ ಅಂದಿದ್ದರು.

ಉಪವಾಸದ ದಿನಗಳು ಎಷ್ಟು ಅಂತ ಕೇಳಿದೆ. ಶುಕ್ರವಾರ. ಬುಧವಾರ ಅರ್ಧ ದಿನ. ಪ್ರತಿ ತಿಂಗಳ ಮೊದಲ ಮೂರು ದಿನ. ಜನವರಿಯಲ್ಲಿ 21 ದಿನ ಒಪ್ಪತ್ತು. ಇದರ ಮೇಲೆ ದಿನಾ ಮುಂಜಾನೆ ಮೂರೂವರೆಗೆ ಎದ್ದು ಪ್ರಾರ್ಥನೆ, ಸತ್ಯವೇದದ, ಅಂದರೆ ಬೈಬಲ್ಲಿನ, ನಾಲ್ಕು ಅಧ್ಯಾಯ. ವಾಟ್ಸಾಪ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾಡುವ ಸರಪಳಿ ಪ್ರಾರ್ಥನೆಯ ಗುಂಪು, ಅದರಲ್ಲಿ ಮಂಗಳವಾರ ರಾತ್ರಿ ಒಂದರಿಂದ ಎರಡರ ತನಕ ಅವಳ ಪಾಳಿ. ಯೇಸು ಕಲಿಸಿಕೊಟ್ಟ ಕರ್ತನ ಪ್ರಾರ್ಥನೆ ಹೇಳುವಾಗ ಮನಸ್ಸು ಅನ್ನದ ಎಸರಿನ ಕಡೆಗೋ ಮಗನ ಫೀಸಿನ ಕಡೆಗೋ ಹೋದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಕೆಲವು ದಿನ ಹನ್ನೆರಡು, ಹದಿಮೂರು ಸಲ.

ಮೊದಲು ಹೀಗಿರಲಿಲ್ಲವಂತೆ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಮಗಳಿಗೆ ಜ್ವರ ಬಂತು ಅಂತ ಉಪವಾಸ ಬಿಟ್ಟಳು. ಅದೇ ದಿನ ಗಂಡ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಸಮಾಧಾನ ಹೇಳಲು ಮನೆಗೆ ಬಂದ ಒಬ್ಬರು, ಯಾರು ಅಂತ ನಾನು ಬರೆಯುವುದಿಲ್ಲ, "ನೀ ಬಾಗಿಲು ತೆರೆದಿಟ್ಟಿ, ಸೈತಾನ ಒಳಗ ಬಂದ" ಅಂದರು. ಅಷ್ಟೇ ಮಾತು. ಹೇಳಿದವರು ಸಂಜೆಗೆ ಮರೆತಿರಬಹುದು. ಇವಳು ಎರಡು ವರ್ಷದಿಂದ ಆ ಬಾಗಿಲನ್ನು ಬೆನ್ನು ಕೊಟ್ಟು ಒತ್ತಿ ಹಿಡಿದು ನಿಂತಿದ್ದಾಳೆ.

ಮೊದಲ ಎರಡು ಸಲದ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಸಾಮಾನ್ಯವಾಗಿ ನಿದ್ದೆ ಬಾರದವರಿಗೆ ಹೇಳಿಕೊಡುವುದನ್ನೇ ಹೇಳಿಕೊಟ್ಟೆ. ಉಸಿರಾಟದ ಅಭ್ಯಾಸ, ಮಲಗುವ ಮುಂಚೆ ಫೋನ್ ಬೇಡ, ದಿನಕ್ಕೆ ಹದಿನೈದು ನಿಮಿಷ ಸುಮ್ನೆ ಕೂರು. ಮರುವಾರ ಬಂದಾಗ ಅವಳ ಮುಖ ಇನ್ನೂ ಬಾಡಿತ್ತು. ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದಳು, ಪ್ರಾರ್ಥನೆಯನ್ನು ಕಡಿಮೆ ಮಾಡದೆಯೇ. ಹದಿನೈದು ನಿಮಿಷ ಸುಮ್ನೆ ಕೂರಲು ಮೂರೂಕಾಲಿಗೆ ಏಳುತ್ತಿದ್ದಳು. ದುಡಿದು ಸಾಯುತ್ತಿರುವ ಎತ್ತಿನ ಮೇಲೆ ನಾನೂ ಒಂದು ಮೂಟೆ ಹೇರಿದ್ದೆ.

ಮೂರನೆಯ ಭೇಟಿ ಒಂದು ಶುಕ್ರವಾರ. ಅವಳು ಮುಂಜಾನೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಮಾತು ಎಲ್ಲೂ ಹೋಗುತ್ತಿರಲಿಲ್ಲ. ನಾನು ಕೇಳುವುದು, ಅವಳು "ಹೌದ್ರಿ", "ಇಲ್ರಿ" ಅನ್ನುವುದು. ಮುಗಿಸೋಣ ಅಂತ ಮುಂದಿನ ಭೇಟಿಗೆ ಮಂಗಳವಾರ ಆಗುತ್ತದಾ ಅಂತ ಕೇಳಿದೆ. ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನೋಡಿದಳು. ಮಂಗಳವಾರ ಸಾಲದ ಮೀಟಿಂಗ್ ಅದರಿ ಅಂದಳು.

ಗಂಡನ ಕಾಲಿನ ಆಪರೇಷನ್‌ಗೆ ಅಂತ ಗುಂಪು ಸಾಲ ತೆಗೆದಿದ್ದಳು, 50,000 ರೂಪಾಯಿ. ವಾರದ ಕಂತು 610. ನಮ್ಮ ಕಡೆ ಈ ಗುಂಪು ಸಾಲದ ಬಗ್ಗೆ ಗೊತ್ತಿಲ್ಲದ ಮನೆ ಇಲ್ಲ. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದ ಹೆಂಗಸರು ಸೇರಿ ಕಟ್ಟಬೇಕು, ಹಾಗಾಗಿ ಸಾಲ ಕೊಟ್ಟವನಿಗಿಂತ ಜಾಸ್ತಿ ಒತ್ತಾಯ ಪಕ್ಕದ ಮನೆಯವರದ್ದೇ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಕೂಗಾಡಿ ಮಾನ ಕಳೆದ ಕಥೆಗಳು ಎಷ್ಟಾಗಿದ್ದವು ಅಂದರೆ, ಕೊನೆಗೆ 2025ರಲ್ಲಿ ಕಿರುಸಾಲದ ಕಿರುಕುಳ ತಡೆಯಲು ರಾಜ್ಯದಲ್ಲಿ ಕಾನೂನೇ ತರಬೇಕಾಯಿತು. ಅವಳು ಒಂದು ಕಂತನ್ನೂ ತಪ್ಪಿಸಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ, ಮೊತ್ತ, ಸರಿ ಗುರುತು, ಎಲ್ಲ ಅಚ್ಚುಕಟ್ಟಾಗಿತ್ತು.

ನೋಟ್‌ಬುಕ್ ಮುಚ್ಚುವಾಗ ಅದು ಕೈಜಾರಿ ಬಿತ್ತು. ಹಿಂದಿನ ಕಡೆಯಿಂದ ತೆರೆದುಕೊಂಡಿತು. ಅಲ್ಲೂ ಹಾಗೆಯೇ ಗೆರೆ ಹಾಕಿದ ಪುಟಗಳು. ದಿನಾಂಕ, "ಮುಂಜಾನಿ", "ಉಪವಾಸ", "ಅಧ್ಯಾಯ", "ಪಾಳಿ". ಮಾಡಿದ್ದಕ್ಕೆ ಸರಿ ಗುರುತು. ತಪ್ಪಿದ್ದಕ್ಕೆ ಕೆಂಪು ಸುತ್ತು. ಪ್ರತಿ ಪುಟದ ಕೆಳಗೆ ಒಂದು ಪದ, ಅದರ ಮುಂದೆ ಗಂಟೆಗಳ ಲೆಕ್ಕ. ಆ ಪದ "ಬಾಕಿ".

ತಪ್ಪಿದ ಪ್ರಾರ್ಥನೆಯನ್ನು ಅವಳು ಮುಂದಿನ ಪುಟಕ್ಕೆ ಸಾಗಿಸುತ್ತಿದ್ದಳು.

ನಾನು ನೋಟ್‌ಬುಕ್ ಎತ್ತಿ ಅವಳ ಕೈಗೆ ಕೊಟ್ಟೆ. ಏನೋ ಕೇಳಬೇಕು ಅಂತ ಕೇಳಿದೆ, "ಇದು ಯಾವಾಗ ತೀರ್ತದವಾ?"

ಅವಳು ಮುಂದಿನ ಕಡೆ ತೋರಿಸಿ, "ಇದಾ? ಇದು ಬರೋ ಶ್ರಾವಣಕ್ಕ ತೀರ್ತದ್ರಿ" ಅಂದಳು.

"ಹಿಂದಿಂದು?"

ತುಂಬಾ ಹೊತ್ತು ಸುಮ್ಮನಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸುವುದು, ಸುತ್ತಿಕೊಂಡು ಬಿಡಿಸುವುದು. ಆಮೇಲೆ ಹೇಳಿದ ಮಾತು ಇದು, ಅವಳ ಮಾತಿನಲ್ಲೇ ಬರೆಯುತ್ತೇನೆ. "ಅದು ತೀರಂಗಿಲ್ರಿ. ಅಕ್ಕಾ, ಖರೆ ಹೇಳ್ತೀನಿ, ನಾ ದೇವರ ಸಂಗಾಟ ಮಾತಾಡ್ಬೇಕಂತ ಪ್ರಾರ್ಥನಾ ಮಾಡಂಗಿಲ್ರಿ. ಆತ ನಮ್ಮ ಮನಿತನ ಬರಬಾರ್ದು ಅಂತ ಮಾಡ್ತೀನಿ."

ಕಂತು ಸರಿಯಾಗಿ ಕಟ್ಟಿದರೆ ವಸೂಲಿಯವರು ಮನೆಗೆ ಬರುವುದಿಲ್ಲ. ಅದೇ ಲೆಕ್ಕ.

ನನಗೆ ಆ ಕ್ಷಣ ಯಾವ ಪಾಠವೂ ನೆನಪಾಗಲಿಲ್ಲ. ನಾನೂ ಭಾನುವಾರ ಶಾಲೆಯಲ್ಲಿ ಬೆಳೆದವಳು. ಹುಡುಗಿಯಾಗಿದ್ದಾಗ ಪ್ರಾರ್ಥನೆ ಮಾಡದೆ ಮಲಗಿದ ರಾತ್ರಿ ಚಾವಣಿ ನೋಡುತ್ತಾ ಹೆದರಿದ್ದೇನೆ. ಆದರೆ ಇಷ್ಟು ಬಿಚ್ಚಿ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಕೂತೆವು. ಆಮೇಲೆ, ಯಾಕೆ ಹೊಳೆಯಿತೋ, ನಿಮ್ಮ ಮನೆ ಗೋಡೆ ಮೇಲೆ ಯೇಸುಸ್ವಾಮಿಯ ಪಟ ಯಾವುದಿದೆ ಅಂತ ಕೇಳಿದೆ.

"ಬಾಗಿಲು ಬಡೀತಾನಲ್ರಿ, ಕೈಯಾಗ ಕಂದೀಲು, ಅದು."

ನಮ್ಮ ಎಷ್ಟೋ ಮನೆಗಳಲ್ಲಿ ಅದೇ ಪಟ ಅಲ್ವಾ? ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಮೂರನೆಯ ಅಧ್ಯಾಯ, ಇಪ್ಪತ್ತನೆಯ ವಚನ. ಅವಳಿಗೆ ಬಾಯಿಪಾಠ. ಹೇಳು ಅಂದೆ. ಹೇಳಿದಳು. ಬಾಗಿಲಲ್ಲಿ ನಿಂತು ತಟ್ಟುತ್ತಾನೆ, ಯಾರಾದರೂ ಸ್ವರ ಕೇಳಿ ಬಾಗಿಲು ತೆರೆದರೆ ಒಳಗೆ ಬರುತ್ತಾನೆ.

"ಒಳಗ ಬಂದು ಏನ್ ಕೇಳ್ತಾನ?"

"ಏನ್..." ಅಂದು ನಿಂತಳು. ಮನಸ್ಸಿನಲ್ಲೇ ವಚನವನ್ನು ಮತ್ತೆ ಓದಿಕೊಂಡಳು ಅಂತ ಕಾಣುತ್ತದೆ. "ಏನೂ ಕೇಳಂಗಿಲ್ರಿ. ಊಟ ಮಾಡ್ತಾನ."

ಹೇಳಿ ಅವಳು ಅತ್ತಳು. ಜೋರಾಗಿ ಅಲ್ಲ. ಮುಖ ಮುಚ್ಚಿಕೊಳ್ಳದೆ, ಕಿಟಕಿಯ ಕಡೆ ನೋಡುತ್ತಾ.

ಮಧ್ಯಾಹ್ನವಾಗಿತ್ತು. ನನ್ನ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ತೆರೆದು ನಡುವೆ ಇಟ್ಟೆ. ಸಲಹೆಗೆ ಬಂದವರ ಜೊತೆ ಹೀಗೆ ಊಟ ಹಂಚಿಕೊಳ್ಳಬಾರದು ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಆ ನಿಯಮಕ್ಕೆ ಒಳ್ಳೆಯ ಕಾರಣಗಳೂ ಇವೆ, ಬೇರೆ ದಿನ ಆಗಿದ್ದರೆ ನಾನೂ ಪಾಲಿಸುತ್ತಿದ್ದೆ. ಅವತ್ತು ಅದು ಸರಿ ಅನಿಸಿತು, ಇವತ್ತಿಗೂ ಸರಿ ಅಂತಲೇ ಅನಿಸುತ್ತದೆ. ಅವಳು ಎರಡು ತುತ್ತು ತಿಂದಳು. ಮೂರನೆಯದಕ್ಕೆ ಕೈ ಹೋಗಲಿಲ್ಲ. ಶನಿವಾರ ಆ ಎರಡು ತುತ್ತಿಗೆ ಬದಲಾಗಿ ಇಡೀ ದಿನ ಉಪವಾಸ ಇದ್ದಳಂತೆ. ಅದನ್ನೂ ಬರೆಯಬೇಕು. ಒಂದು ಮಾತಿಗೆ ಬೇಡಿ ಕಳಚಿ ಬಿತ್ತು ಅಂತ ಸಾಕ್ಷಿ ಹೇಳಿದ ಹಾಗೆ ಹೇಳಿದರೆ, ಇಂಥದ್ದೇ ಕಷ್ಟದಲ್ಲಿರುವ ಓದುಗರು ತಮಗೆ ಹಾಗೆ ಆಗಲಿಲ್ಲವಲ್ಲ ಅಂತ ಇನ್ನೊಂದು ಬಾಕಿ ಬರೆದುಕೊಳ್ಳುತ್ತಾರೆ.

ಮುಂದಿನ ಭೇಟಿಯಲ್ಲಿ ಸಲಹೆ ಕೊಟ್ಟೆ. ಆರು ವಾರ ಉಪವಾಸ ಬೇಡ, ಯಾವ ದಿನವೂ ಬೇಡ. ರಾತ್ರಿಯ ಪಾಳಿ ಬಿಡು. ಐದೂವರೆಗೆ ಮುಂಚೆ ಏಳಬೇಡ. ಕರ್ತನ ಪ್ರಾರ್ಥನೆ ದಿನಕ್ಕೆ ಒಂದೇ ಸಲ, ಮನಸ್ಸು ಎಲ್ಲಿಗೆ ಹೋದರೂ ಮತ್ತೆ ಮೊದಲಿನಿಂದ ಶುರು ಮಾಡುವ ಹಾಗಿಲ್ಲ, ಆಮೆನ್ ಅಂದರೆ ಮುಗಿಯಿತು. ಹಿಂದಿನ ಕಡೆಯ ಪುಟಗಳಲ್ಲಿ ಏನೂ ಬರೆಯಬೇಡ. ಗುಳಿಗೆ ಶುಕ್ರವಾರವೂ ನುಂಗು. ಜೊತೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಲು ಚೀಟಿ ಬರೆದುಕೊಟ್ಟೆ. ಮನಸ್ಸಿಗೆ ಸರಿ ಅನಿಸುವ ತನಕ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುವುದು ಭಕ್ತಿಯ ವೇಷ ಹಾಕಿದ ಗೀಳು ಕಾಯಿಲೆಯೂ ಆಗಿರಬಹುದು. ಕೆಲವರು ಕೈ ತೊಳೆದದ್ದೇ ತೊಳೆಯುತ್ತಾರೆ, ಬೀಗ ಎಳೆದು ನೋಡಿದ್ದೇ ನೋಡುತ್ತಾರೆ, ಕೆಲವರಿಗೆ ಅದು ಪ್ರಾರ್ಥನೆಯಲ್ಲಿ ಬರುತ್ತದೆ. ಅದಕ್ಕೆ ಔಷಧಿ ಇದೆ. ಹೆದರಿಕೆ ಬಂದರೂ ಮತ್ತೆ ಹೇಳದೆ ಇದ್ದು, ಆ ಹೆದರಿಕೆ ತಾನಾಗಿ ಇಳಿಯುವುದನ್ನು ಕಾಯುವ ಅಭ್ಯಾಸವೂ ಚಿಕಿತ್ಸೆಯ ಭಾಗವೇ. ನಂಬಿಕೆ ಕಡಿಮೆ ಇದ್ದದ್ದಕ್ಕೆ ಬರುವ ಕಾಯಿಲೆ ಅಲ್ಲ ಅದು. ಪ್ರಾಟೆಸ್ಟಂಟ್ ಸಭೆಗಳಿಗೆ ದಾರಿ ತೆರೆದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪ ಅರಿಕೆ ಮಾಡಿ, ಎದ್ದು ಬಂದು, ಇನ್ನೇನೋ ನೆನಪಾಗಿ ಮತ್ತೆ ಹೋಗುತ್ತಿದ್ದವರು.

ಸಲಹೆ ಕೇಳಿ ಅವಳು ಹೆದರಿದಳು. "ಹಂಗಾದ್ರ ನಾ ಏನ್ ಮಾಡ್ಬೇಕ್ರಿ?" ಅಂದಳು. ಏನೂ ಮಾಡದೆ ಇರುವುದು ಹೇಗೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ.

ಆಗ ಯೋಹಾನನ ಸುವಾರ್ತೆ ತೆಗೆದು 19ನೆಯ ಅಧ್ಯಾಯದ 30ನೆಯ ವಚನ ಓದಿಸಿದೆ. ಶಿಲುಬೆಯ ಮೇಲೆ ಪ್ರಾಣ ಬಿಡುವ ಮುಂಚೆ ಹೇಳಿದ ಮಾತು, ನಮ್ಮ ಕನ್ನಡ ಸತ್ಯವೇದದಲ್ಲಿ ಒಂದೇ ಪದ, "ತೀರಿತು". ಗುಡ್ ಫ್ರೈಡೇ ದಿನ ಏಳು ಮಾತುಗಳ ಪ್ರಸಂಗದಲ್ಲಿ ಆರನೆಯ ಮಾತು ಅಂತ ಅವಳು ಚಿಕ್ಕಂದಿನಿಂದ ಕೇಳಿದ್ದಾಳೆ. ನಿನ್ನ ಸಾಲದ ಕೊನೆಯ ಕಂತು ಕಟ್ಟಿದ ದಿನ ಮನೆಗೆ ಬಂದು ಅತ್ತೆಗೆ ಏನು ಹೇಳ್ತಿ ಅಂತ ಕೇಳಿದೆ. "ತೀರಿತು ಅಂತೀನಿ" ಅಂದಳು. ಮರುವಾರ ಮತ್ತೆ ಕಂತು ಕಟ್ಟಲು ಹೋದರೆ? "ಹುಚ್ಚಿ ಅಂತಾರ್ರಿ." ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವುದೂ ಇದನ್ನೇ, ನಮಗೆ ವಿರೋಧವಾಗಿದ್ದ ಸಾಲದ ಪತ್ರವನ್ನು ಅಳಿಸಿ ಶಿಲುಬೆಗೆ ಮೊಳೆ ಹೊಡೆದು ಹಾಕಿದ್ದಾನೆ ಅಂತ. ಹಿಂದಿನ ಪುಟದ ಬಾಕಿ ಅವಳು ತೀರಿಸಬೇಕಾದದ್ದೇ ಅಲ್ಲ, ಅದು ಅವಳು ಹುಟ್ಟುವ ಮುಂಚೆಯೇ ಬೇರೆಯವರು ತೀರಿಸಿದ್ದು. ಇದನ್ನು ನಾನು ಆಪ್ತಸಲಹೆಯ ತಂತ್ರ ಅಂತ ಹೇಳಲಿಲ್ಲ. ಇದನ್ನು ನಂಬಿಯೇ ಹೇಳಿದೆ. ನಂಬದೆ ಇದ್ದಿದ್ದರೆ ಉಸಿರಾಟದ ಅಭ್ಯಾಸಕ್ಕೇ ನಿಲ್ಲುತ್ತಿದ್ದೆ.

ಸುದ್ದಿ ಊರಿನಲ್ಲಿ ಹಬ್ಬಿತು. ಸ್ತ್ರೀಯರ ಕೂಟದ ಒಬ್ಬ ಹಿರಿಯರು ನನಗೆ ಫೋನ್ ಮಾಡಿ, ವಿಶ್ವಾಸಿಯನ್ನು ಪ್ರಾರ್ಥನೆ ಬಿಡಿಸಿ ಹಾಳು ಮಾಡುತ್ತಿದ್ದೀರಿ ಅಂದರು. ನನಗೆ ನೋವಾಯಿತು. ಅವರ ಕಾಳಜಿ ನಿಜವಾದದ್ದು ಅಂತಲೂ ಗೊತ್ತಿತ್ತು. ಅವರು ಮೂರು ಪ್ರಶ್ನೆ ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಉಪವಾಸ ದೇವರ ವಾಕ್ಯದಲ್ಲೇ ಇಲ್ಲವೇ ಅಂದರು. ಇದೆ. ಎಲೀಯನ ಕಥೆಯೂ ಇದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು, ಸಾಕು ಕರ್ತನೇ ನನ್ನ ಪ್ರಾಣ ತೆಗೆದುಬಿಡು ಅಂದ ಪ್ರವಾದಿಗೆ ದೂತನು ಬಂದು ಏನು ಹೇಳಿದ? ಎದ್ದು ಪ್ರಾರ್ಥನೆ ಮಾಡು ಅನ್ನಲಿಲ್ಲ. ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು ಮತ್ತೆ ಅದನ್ನೇ ಹೇಳಿದ. ಹೋರೇಬ್ ಬೆಟ್ಟಕ್ಕೆ ಹೋಗಿದ್ದು, ಅಲ್ಲಿ ದೇವರ ಮೆಲ್ಲನೆಯ ಧ್ವನಿ ಕೇಳಿದ್ದು, ಅದೆಲ್ಲ ಆಮೇಲೆ. ಹಿಮೋಗ್ಲೋಬಿನ್ 8 ಇರುವ ಹೆಂಗಸಿಗೆ ನಾನು ಇದಕ್ಕಿಂತ ಜಾಸ್ತಿ ಏನೂ ಹೇಳಿಲ್ಲ.

ಎರಡನೆಯದು, ಹಾಗಾದರೆ ನಂಬಿಕೆಯಲ್ಲಿ ಪ್ರಯಾಸವೇ ಬೇಡವೇ, ವಿಶ್ರಾಂತಿಯಲ್ಲಿ ಸೇರಲು ಪ್ರಯಾಸಪಡಬೇಕು ಅಂತ ಇಬ್ರಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲೇ ಇದೆಯಲ್ಲ ಅಂದರು. ಒಳ್ಳೆಯ ಪ್ರಶ್ನೆ. ಆದರೆ ಅದರ ಹಿಂದಿನ ವಚನವನ್ನೂ ಓದಬೇಕು. ದೇವರು ತನ್ನ ಕೆಲಸ ಮುಗಿಸಿ ವಿಶ್ರಮಿಸಿದ ಹಾಗೆ, ಆ ವಿಶ್ರಾಂತಿಗೆ ಸೇರಿದವನೂ ತನ್ನ ಕೆಲಸದಿಂದ ವಿಶ್ರಮಿಸಿದ್ದಾನೆ ಅಂತ ಅಲ್ಲಿದೆ. ಅಲ್ಲಿ ಪ್ರಯಾಸ ಅಂದರೆ ಅಪನಂಬಿಕೆಗೆ ಬೀಳದ ಹಾಗೆ ಜಾಗ್ರತೆ. ನನಗೆ ಇದರ ದೊಡ್ಡ ಸಾಕ್ಷಿ ನಮ್ಮ ಮೆಥೊಡಿಸ್ಟ್ ಸಭೆಯನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯವರೇ. ಆಕ್ಸ್‌ಫರ್ಡ್‌ನಲ್ಲಿದ್ದಾಗ ಬುಧವಾರ, ಶುಕ್ರವಾರ ಉಪವಾಸ. ಜೈಲಿನಲ್ಲಿದ್ದವರ ಭೇಟಿ. ಗಂಟೆ ಗಂಟೆಗೂ ತನ್ನನ್ನು ತಾನು ಪರೀಕ್ಷಿಸಿಕೊಂಡು ದಿನಚರಿಯಲ್ಲಿ ಬರೆದಿಡುವುದು. ಈ ತಂಗಿಯ ನೋಟ್‌ಬುಕ್ ನೋಡಿದಾಗ ನನಗೆ ನೆನಪಾದದ್ದೇ ಅವರು. 1735ರಲ್ಲಿ ಸೇವೆಗೆ ಅಂತ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಇವರು ಸಾವಿಗೆ ಹೆದರಿ ನಡುಗುತ್ತಿದ್ದರೆ, ಅದೇ ಹಡಗಿನಲ್ಲಿದ್ದ ಮೊರೇವಿಯನ್ ಕ್ರೈಸ್ತರು, ಹೆಂಗಸರು ಮಕ್ಕಳು ಸಮೇತ, ಶಾಂತವಾಗಿ ಹಾಡುತ್ತಿದ್ದರು. ಅಲ್ಲಿಂದ ಸೋತು ಬಂದ ಮೇಲೆ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಯಾರೋ ಓದುವುದನ್ನು ಕೇಳುತ್ತಾ ಕೂತಿದ್ದಾಗ ಅವರ ಎದೆ ಬೆಚ್ಚಗಾಯಿತು. ಆ ಸಂಜೆ ಅವರು ಏನೂ ಮಾಡುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ಸುಮ್ನೆ ಕೇಳುತ್ತಿದ್ದರು. ಅದಕ್ಕೂ ಮುಂಚೆ ತನಗಿದ್ದದ್ದು ಆಳಿನ ನಂಬಿಕೆ, ಮಗನ ನಂಬಿಕೆ ಇರಲಿಲ್ಲ ಅಂತ ಅವರೇ ಆಮೇಲೆ ಬರೆದರು. ಹಾಗಂತ ಸೋಮಾರಿಯಾದರೇ? ಇನ್ನೂ ಐವತ್ತು ವರ್ಷ ಕುದುರೆ ಮೇಲೆ ಊರೂರು ತಿರುಗಿ ಸಾರಿದರು.

ಮೂರನೆಯದು, ದುಡಿಯದೆ ತಿನ್ನುವುದು ಈ ನೆಲದ ಗುಣವೇ ಅಲ್ಲ, ಕಾಯಕವೇ ಕೈಲಾಸ ಅನ್ನುವ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ ಅಂದರು. ಕ್ರೈಸ್ತರಾದರೂ ನಾವು ಈ ಮಣ್ಣಿನವರೇ, ಒಪ್ಪುತ್ತೇನೆ. ಆದರೆ ಆ ಮಾತು ಹೇಳಿದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಪೂರ್ತಿ ನೆನಪಿಸಿಕೊಳ್ಳಿ. ಒಂದು ದಿನ ಅವನು ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಕಾಯಕಕ್ಕೂ ಒಂದು "ಸಾಕು" ಇತ್ತು.

ಇನ್ನೊಂದು ಕಾರಣವಿದೆ, ಇದನ್ನು ಆ ಹಿರಿಯರಿಗೆ ನಾನು ಹೇಳಲಿಲ್ಲ. ಈ ತಂಗಿಯ ಅಜ್ಜ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ, ಅವಳು ಹುಟ್ಟುವುದಕ್ಕೆ ಸುಮಾರು ಹದಿಮೂರು ವರ್ಷ ಮುಂಚೆ ಅಷ್ಟೇ. "ನಮ್ಮ ಮನ್ಯಾಗ ಸುಮ್ನೆ ಕೂತವ್ರನ್ನ ನಾ ನೋಡೇ ಇಲ್ರಿ" ಅಂತ ಒಮ್ಮೆ ಹೇಳಿದ್ದಳು. ಸುಮ್ನೆ ಕೂತರೆ ಯಾರಾದರೂ ಬಂದು ಬೈಯುತ್ತಾರೆ ಅನ್ನುವ ಭಯ ಅವರ ಮನೆಯಲ್ಲಿ ಮಕ್ಕಳಿಗೂ ಇಳಿದು ಬಂದಿದೆ. ಏಳನೆಯ ದಿನ ಕೆಲಸ ಬಿಡಬೇಕು ಅನ್ನುವ ಸಬ್ಬತ್ ದಿನದ ಆಜ್ಞೆ ಸತ್ಯವೇದದಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ದೇವರು ಏಳನೆಯ ದಿನ ವಿಶ್ರಮಿಸಿದ್ದು ಕಾರಣ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಕಾರಣ ಬೇರೆ. ನೀನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಜೀತದಲ್ಲಿದ್ದೆ, ಕರ್ತನು ನಿನ್ನನ್ನು ಬಿಡಿಸಿ ತಂದ, ಅದನ್ನು ನೆನಪಿಟ್ಟುಕೋ, ಅದಕ್ಕೇ ಈ ದಿನ ನೀನೂ ನಿನ್ನ ಮನೆಯ ಆಳೂ ವಿಶ್ರಮಿಸಬೇಕು. ಜೀತದಿಂದ ಬಿಡಿಸಿದ ದೇವರೇ ಮನೆ ಬಾಗಿಲಿಗೆ ಹೊಸ ಗೌಡನಾಗಿ ಬಂದು ನಿಂತಿದ್ದಾನೆ ಅಂತ ಈ ಜನ ನಂಬಿದರೆ, ಅದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ. ಈ ವಿಷಯದಲ್ಲಿ ನನ್ನ ಧ್ವನಿ ಜೋರಾಗುತ್ತದೆ, ಆಗಲಿ.

ಅವಳ ವಿಷಯಕ್ಕೆ ಬರುತ್ತೇನೆ. ಮನೋವೈದ್ಯರು ಗೀಳು ಇದೆ ಅಂದರು, ಔಷಧಿ ಶುರುವಾಯಿತು. ಮೊದಲ ಎರಡು ವಾರ ಕಷ್ಟ. ಶುಕ್ರವಾರ ರೊಟ್ಟಿ ಮುರಿಯುವಾಗ ಕೈ ನಡುಗುತ್ತಿತ್ತಂತೆ, ಗಂಡನಿಗೆ ಗಂಟೆಗೊಮ್ಮೆ ಫೋನ್ ಮಾಡಿ ಹುಷಾರಾಗಿದ್ದೀಯಾ ಅಂತ ಕೇಳುತ್ತಿದ್ದಳಂತೆ. ಫೋನನ್ನು ದಿನಕ್ಕೆ ಒಂದಕ್ಕೆ ಇಳಿಸಲು ಹೇಳಿದೆ. ನಾಲ್ಕನೆಯ ವಾರ ಬಂದಾಗ ಹೊಸ ಚಿಂತೆ. "ಅಕ್ಕಾ, ನಾ ವಿಶ್ರಾಂತಿ ಸರಿಯಾಗಿ ತಗೊಳ್ಳಕತ್ತೀನೇನ್ರಿ? ಕೂತಾಗ ಮನಸ್ಸಿನಾಗ ಶಾಂತಿ ಬರವಲ್ದು." ಚೀಲದಲ್ಲಿ ಹೊಸ ನೋಟ್‌ಬುಕ್ ಇತ್ತು. ವಿಶ್ರಾಂತಿಗೂ ಸರಿ ಗುರುತು, ಕೆಂಪು ಸುತ್ತು.

ಬೇರೆಯವರಲ್ಲೂ ನೋಡಿದ್ದೇನೆ, ಇದೇ ಹಂತಕ್ಕೆ ಬಂದು ಜಾರುತ್ತಾರೆ. ವಿಶ್ರಾಂತಿಯನ್ನೂ ಗಳಿಸಬೇಕಾದ ವಸ್ತು ಮಾಡಿಕೊಳ್ಳುತ್ತಾರೆ. ಆ ಕಾಲೇಜು ಹುಡುಗ "ಸಂಪೂರ್ಣ ಒಪ್ಪಿಸಿಕೊಡುವುದು" ಹೇಗೆ ಅಂತ ತಿಂಗಳುಗಟ್ಟಲೆ ವಿಡಿಯೋ ನೋಡಿ ಇನ್ನೂ ಜಾಸ್ತಿ ಒದ್ದಾಡಿದ. ಅದಕ್ಕೇ ನಾನು ಶಾಂತಿ ಬಂತಾ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ಯೇಸು ನಿದ್ದೆ ಮಾಡುತ್ತಿದ್ದ, ಶಿಷ್ಯರು ಕೂಗಾಡುತ್ತಿದ್ದರು. ಕೂಗಾಡಿದವರೂ ಅವನ ದೋಣಿಯಲ್ಲೇ ಇದ್ದರು, ಅವರೂ ದಡ ಸೇರಿದರು. ಶಾಂತಿ ಅನಿಸದಿದ್ದರೂ ದೋಣಿ ಅವನದೇ. ಅವಳಿಗೆ 131ನೆಯ ಕೀರ್ತನೆ ಕೊಟ್ಟೆ. ಮೂರೇ ವಚನ. ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವ ಹಾಗೆ ನನ್ನ ಪ್ರಾಣ ಇದೆ ಅನ್ನುತ್ತಾನೆ ಅಲ್ಲಿ. ನಿನ್ನ ಮಗಳಿಗೆ ಮೊಲೆ ಬಿಡಿಸಿದಾಗ ಹೇಗಿದ್ದಳು ಅಂತ ಕೇಳಿದೆ. ತಾಯಿ ಮಗಳು ಇಬ್ಬರೂ ಒಂದು ವಾರ ಅತ್ತಿದ್ದರಂತೆ, ಆಮೇಲೆ ಕೂಸು ಹಾಲು ಕೇಳದೆಯೇ ಮಡಿಲಿಗೆ ಬಂದು ಮಲಗುತ್ತಿತ್ತಂತೆ. "ಏನೂ ಕೇಳ್ತಿರ್ಲಿಲ್ರಿ, ಸುಮ್ನೆ ಬಂದು ಬೀಳ್ತಿತ್ತು." ಆ ಕೂಸು ಸರಿಯಾಗಿ ಮಲಗಿದೆಯೋ ಇಲ್ಲವೋ ಅಂತ ನೀನು ಗುರುತು ಹಾಕಿದ್ದೆಯಾ ಅಂತ ಕೇಳಿದ್ದಕ್ಕೆ ನಕ್ಕಳು. ನನ್ನ ಮುಂದೆ ಅವಳು ನಕ್ಕದ್ದು ಅದೇ ಮೊದಲು.

ಇದನ್ನು ಓದುವ ಕೆಲವರಿಗೆ ತಮ್ಮ ಕಥೆಯೇ ಅನಿಸಬಹುದು. ನೀವು ಪ್ರಾರ್ಥನೆಯನ್ನು ಪ್ರೀತಿಸಿ ಮೂರೂವರೆಗೆ ಏಳುವವರಾದರೆ ನಿಮಗೆ ನನ್ನ ಮಾತು ಬೇಡ, ಏಳಿ, ಸಂತೋಷ. ಆದರೆ ಒಂದು ದಿನ ತಪ್ಪಿದರೆ ಏನಾಗುತ್ತದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಪ್ಪಿಹೋಯಿತಲ್ಲ ಅಂತ ಬೇಸರವಾಗುತ್ತದೋ, ಇನ್ನು ಮನೆಗೆ ಏನೋ ಬರುತ್ತದೆ ಅಂತ ಎದೆ ನಡುಗುತ್ತದೋ? ನಡುಗುವುದಾದರೆ ಯಾರ ಹತ್ತಿರವಾದರೂ ಮಾತಾಡಿ. ನಿದ್ದೆ, ಊಟ ಕೆಟ್ಟಿದ್ದರೆ, ಒಂದೇ ಪ್ರಾರ್ಥನೆಯನ್ನು ಹತ್ತಾರು ಸಲ ಹೇಳದೆ ಇರಲಾಗದಿದ್ದರೆ ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಹಣ ಕೊಡದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪಾಸ್ಟರುಗಳಿಗೆ ಒಂದು ಬೇಡಿಕೆ. ಯಾರ ಮನೆಯಲ್ಲಾದರೂ ಕಾಲು ಮುರಿದರೆ, ಮಗು ಸತ್ತರೆ, ಯಾವ ಪ್ರಾರ್ಥನೆ ತಪ್ಪಿತು ಅಂತ ದಯವಿಟ್ಟು ಹುಡುಕಬೇಡಿ. ಬೇರೆ ಯಾರಾದರೂ ಹುಡುಕಿದರೆ ಅಲ್ಲೇ ನಿಲ್ಲಿಸಿ. ಹುಟ್ಟುಕುರುಡನನ್ನು ನೋಡಿ ಯಾರು ಪಾಪ ಮಾಡಿದ್ದು ಅಂತ ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಅಂತ ಯೇಸು ಹೇಳಿಬಿಟ್ಟ.

ಆರು ವಾರ ಮುಗಿದ ಮೇಲೆ ಉಪವಾಸ ಮತ್ತೆ ಶುರು ಮಾಡಬೇಕೋ ಬೇಡವೋ ಅನ್ನುವುದನ್ನು ಅವಳಿಗೇ ಬಿಟ್ಟೆ. ರಕ್ತ 11 ಆಗುವ ತನಕ ಬೇಡ ಅಂತ ಡಾಕ್ಟರು ಹೇಳಿದ್ದನ್ನು ಅವಳೇ ಒಪ್ಪಿಕೊಂಡಳು. ಶುಕ್ರವಾರದ ಕೂಟಕ್ಕೆ ಹೋಗುತ್ತಾಳೆ, ಊಟ ಮಾಡಿ ಹೋಗುತ್ತಾಳೆ. ಒಬ್ಬಿಬ್ಬರು ಓರೆಗಣ್ಣಿನಿಂದ ನೋಡುತ್ತಾರಂತೆ. ಹೆದರಿಕೆ ಪೂರ್ತಿ ಹೋಗಿಲ್ಲ. ಗಂಡನ ಫೋನು ಸ್ವಿಚ್ ಆಫ್ ಬಂದರೆ ಈಗಲೂ ಹಳೆಯ ಲೆಕ್ಕ ತಲೆಯಲ್ಲಿ ಏಳುತ್ತದೆ. ಸಾಲದ ಕಂತು ಮಾತ್ರ ನಡೆಯುತ್ತಲೇ ಇದೆ, ಅದು ಶ್ರಾವಣಕ್ಕೇ ತೀರುವುದು.

ಕಳೆದ ತಿಂಗಳು ಒಂದು ಭೇಟಿಗೆ ಅವಳು ಬರಲಿಲ್ಲ. ಹನ್ನೊಂದಕ್ಕೆ ಅಂತ ಹೇಳಿದ್ದೆ, ಹನ್ನೆರಡಾಯಿತು, ಒಂದಾಯಿತು. ಎಂದೂ ಒಂದು ನಿಮಿಷ ತಡ ಮಾಡದವಳು. ನನಗೆ ಗಾಬರಿಯಾಗಿ ಫೋನ್ ಮಾಡಿದೆ. ಅತ್ತ ಕಡೆ ಹೆಂಗಸರ ಮಾತು, ಗಾಳಿ. ತವರೂರಿನಲ್ಲಿ ತೊಗರಿ ಕೊಯ್ಲಿಗೆ ಹೋಗಿದ್ದಳು.

"ಅಯ್ಯ, ಇವತ್ತೇ ಇತ್ತೇನ್ರಿ ಅಕ್ಕಾ? ಮರ್ತೇ ಹೋಯ್ತ್ ನೋಡ್ರಿ" ಅಂದಳು.